ಓದಲಾಗದವರಿಗೆ ಓದಿ ಹೇಳುವುದು

ಕೊರೊನಾ ಕಾಲದಲ್ಲಿ ಪುಸ್ತಕಗಳೇ ನಮ್ಮನ್ನು ಕಾಪಾಡಿದವು ಎಂಬ ಮಾತನ್ನು ಕೇಳಿದಾಗಲೆಲ್ಲ ನನ್ನೊಳಗೆ ಒಂದು ತಕರಾರು ಏಳುತ್ತದೆ. ಕಾಪಾಡಿದ್ದು ಸುಳ್ಳಲ್ಲ. ಆದರೆ ಯಾರನ್ನು, ಯಾವ ಹೊತ್ತಿನಲ್ಲಿ, ಹೇಗೆ ಎಂದು ಕೇಳಿಕೊಂಡರೆ ಉತ್ತರ ಸಲೀಸಾಗಿ ಸಿಗುವುದಿಲ್ಲ. 2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಶಿವಮೊಗ್ಗದ ನಮ್ಮ ಮನೆಯಲ್ಲಿ ಓದಲು ಬೇಕಾದದ್ದೆಲ್ಲ ಇತ್ತು. ಶಾಲೆಗೆ ರಜೆ, ಬೀದಿಯಲ್ಲಿ ಗದ್ದಲವಿಲ್ಲ, ಕಪಾಟಿನ ತುಂಬ ಪುಸ್ತಕ. ಆದರೂ ಓದಲು ಆಗಲಿಲ್ಲ. ಕಣ್ಣು ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಸಾಲಿನ ಮೊದಲು ಮರೆತುಹೋಗಿರುತ್ತಿತ್ತು. ಪುಟ ಮಗುಚಿದ ಮೇಲೆ ಹಿಂದಿನ ಪುಟದಲ್ಲಿ ಯಾರು ಯಾರಿಗೆ ಏನು ಹೇಳಿದರೆಂಬುದೇ ತಿಳಿಯುತ್ತಿರಲಿಲ್ಲ. ಬದುಕಿಡೀ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದ ಹಿರಿಯ ಗೆಳತಿಯೊಬ್ಬರನ್ನು ಫೋನಿನಲ್ಲಿ ವಿಚಾರಿಸಿದರೆ ಅವರದೂ ಅದೇ ಕಥೆ. ಪತ್ರಿಕೆಯನ್ನು ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಓದುತ್ತಾರೆ, ಟಿವಿಯಲ್ಲಿ ಸಂಜೆಯ ಅಂಕಿಸಂಖ್ಯೆ ತಪ್ಪಿಸುವುದಿಲ್ಲ, ಆದರೆ ಒಂದು ಸಣ್ಣಕಥೆ ಮುಗಿಸಲು ಆಗುತ್ತಿಲ್ಲ. ಅಂಚೆ ಕಚೇರಿಯಿಂದ ನಿವೃತ್ತರಾದ ನಮ್ಮ ಪಕ್ಕದ ಮನೆಯವರು ಕಾದಂಬರಿಗಳನ್ನು ತೂಕಕ್ಕೆ ಹಾಕುವಷ್ಟು ಓದಿದವರು. ಅವರು ಆ ದಿನಗಳಲ್ಲಿ ಪಂಚಾಂಗ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ.

ಆಗ ಎಲ್ಲೆಲ್ಲೂ ಪಟ್ಟಿಗಳು ಹರಿದಾಡುತ್ತಿದ್ದವು. ಗೃಹಬಂಧನದಲ್ಲಿ ಓದಬೇಕಾದ ಹತ್ತು ಪುಸ್ತಕ, ಆತಂಕ ಕಳೆಯುವ ಐದು ಕಾದಂಬರಿ. ಪಟ್ಟಿ ಮಾಡಿದವರ ಉದ್ದೇಶ ಒಳ್ಳೆಯದೇ. ಆದರೆ ಪುಸ್ತಕ ಕೈಗೆ ಕೊಟ್ಟರೆ ಮನಸ್ಸು ತಾನಾಗಿ ಅದರೊಳಗೆ ಹೋಗಿ ಕೂರುತ್ತದೆ ಎಂದು ಅವರೆಲ್ಲ ನಂಬಿಕೊಂಡಂತಿತ್ತು. ಹೆದರಿದ ಮನಸ್ಸಿಗೆ ಕಾವಲು ಕಾಯುವುದೊಂದೇ ಕೆಲಸ. ಯಾರು ಕೆಮ್ಮಿದರು, ಯಾರ ಮನೆ ಬಾಗಿಲಿಗೆ ಸೋಂಕಿನ ಚೀಟಿ ಅಂಟಿಸಿದರು, ಗಂಟಲು ಕೆರೆಯುತ್ತಿದೆಯೇ, ಹಣೆ ಬಿಸಿಯಾಗಿದೆಯೇ ಎಂದು ಅದು ನಿಮಿಷ ನಿಮಿಷಕ್ಕೂ ಸುತ್ತು ಹಾಕುತ್ತಿರುತ್ತದೆ. ಕಾವಲು ಬಿಟ್ಟು ಕಥೆ ಕೇಳಲು ಅದಕ್ಕೆ ಧೈರ್ಯವಿಲ್ಲ.

ಮಲೆನಾಡಿನವರಾದ ನಮಗೆ ಈ ಕಾವಲು ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಎಲ್ಲೋ ಒಂದು ಮಂಗ ಸತ್ತು ಬಿದ್ದಿದೆಯಂತೆ ಎಂಬ ಸುದ್ದಿ ಬಂದರೆ ಸಾಕು, ಕಾಡಿನ ಒಣಗಿದೆಲೆ, ಅಂದರೆ ದರಗು ಗುಡಿಸಲು ಹೋಗುವವರ ಕಾಲು ಹಿಂದೆಗೆಯುತ್ತದೆ. ಸೊಪ್ಪಿಗೆ, ಸೌದೆಗೆ, ಮೇಯಲು ಬಿಟ್ಟ ದನ ಹುಡುಕಲು ಕಾಡಿಗೆ ಹೋಗದೆ ಇಲ್ಲಿ ಬದುಕು ಸಾಗುವುದಿಲ್ಲ. ಹೋದರೆ ಈ ಕಾಯಿಲೆ ಹರಡುವ ಉಣುಗಿನ, ಅಂದರೆ ಉಣ್ಣೆಯ ಭಯ. ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದವರೇ ಬಿಸಿನೀರು ಸ್ನಾನ ಮಾಡಿ, ಮೈಮೇಲೆ ಎಲ್ಲಾದರೂ ಉಣುಗು ಕಚ್ಚಿಕೊಂಡಿದೆಯೇ ಎಂದು ನೋಡಿಕೊಳ್ಳುವುದು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರು ತೀರಿಕೊಂಡಾಗ ಜ್ವರ ಎಂಬ ಎರಡಕ್ಷರಕ್ಕೆ ಆ ಕಡೆಯ ಮನೆಗಳು ಹೇಗೆ ನಡುಗುತ್ತಿದ್ದವೆಂದು ನೋಡಿದ್ದೇನೆ. ಮರುವರ್ಷವೇ ಕೊರೊನಾ ಬಂತು, ಅದೂ ಮಂಗನ ಕಾಯಿಲೆಯ ಕಾಲದಲ್ಲೇ. ಮೈ ಸ್ವಲ್ಪ ಬಿಸಿಯಾದರೂ ಇದು ಯಾವುದು ಎಂದು ಎರಡು ದಿಕ್ಕಿಗೆ ಹೆದರಬೇಕಾದ ಸ್ಥಿತಿ. ಅಂತಹ ಮನೆಗೆ ಒಂದು ಒಳ್ಳೆಯ ಕಾದಂಬರಿ ಕಳಿಸಿಕೊಟ್ಟರೆ ಅದನ್ನು ಯಾರು ಓದುತ್ತಾರೆ?

ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಮರುವರ್ಷ, ಫೋನಿನಲ್ಲಿ.

ಉಪ್ಪರಿಗೆಯ ಕಿಟಕಿ

2021ರ ಮೇ ತಿಂಗಳು. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ಒಳಕ್ಕಿರುವ ಊರಿನಲ್ಲಿ ನನ್ನ ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರಿಗೂ ಸೋಂಕು ತಗುಲಿತು. ಚಿಕ್ಕಪ್ಪನವರ ಉಸಿರು ಕಟ್ಟತೊಡಗಿದಾಗ ಆಂಬುಲೆನ್ಸ್ ಬಂತು. ಅದು ಅಂಗಳದವರೆಗೆ ಬರಲಾಗದೆ ಬೇಲಿಯ ದಣಪೆಯಾಚೆ ನಿಂತಿತ್ತು. ಅಲ್ಲಿಯವರೆಗೆ ಅವರನ್ನು ಕುರ್ಚಿಯ ಮೇಲೆ ಕೂರಿಸಿ ಹೊತ್ತೊಯ್ದರು. ಉಪ್ಪರಿಗೆಯ ಕೋಣೆಯಲ್ಲಿದ್ದ ಚಿಕ್ಕಮ್ಮ ಕಿಟಕಿಯಿಂದ ನೋಡುತ್ತಿದ್ದರಂತೆ. ಶಿವಮೊಗ್ಗದ ಆಸ್ಪತ್ರೆಗೆ ಸೇರಿದ ಚಿಕ್ಕಪ್ಪ ಮರಳಿ ಬರಲಿಲ್ಲ. ಆಗಿನ ನಿಯಮದ ಪ್ರಕಾರ ಸಂಸ್ಕಾರ ಶಿವಮೊಗ್ಗದಲ್ಲೇ ಆಯಿತು. ಮಗ ಒಬ್ಬನೇ, ಮೈತುಂಬ ಪ್ಲಾಸ್ಟಿಕ್ ಅಂಗಿ ತೊಟ್ಟು, ದೂರ ನಿಂತು ನೋಡಿ ಬಂದ. ಊರೇ ನೆರೆಯಬೇಕಿದ್ದ ಸಾವಿಗೆ ಊರಿನವರು ದಣಪೆ ದಾಟಲಿಲ್ಲ. ಅವರನ್ನು ದೂರುವಂತಿಲ್ಲ. ಅವರ ಮನೆಗಳಲ್ಲೂ ಜ್ವರವಿತ್ತು.

ಚಿಕ್ಕಮ್ಮ ಅಳಲಿಲ್ಲ. ನಾನು ದಿನವೂ ಸಂಜೆ ಫೋನ್ ಮಾಡುತ್ತಿದ್ದೆ. ಅವರ ಮನೆಯಲ್ಲಿ ಸಿಗ್ನಲ್ ಸಿಗುವುದು ಉಪ್ಪರಿಗೆಯ ಆ ಕಿಟಕಿಯ ಬಳಿ ಮಾತ್ರ, ಅದೂ ಕರೆಂಟ್ ಇದ್ದಷ್ಟು ಹೊತ್ತು, ಕರೆಂಟ್ ಹೋದರೆ ಟವರ್‌ನ ಬ್ಯಾಟರಿ ಉಳಿದಷ್ಟು ಹೊತ್ತು. ಸೊಸೆ ಮೆಟ್ಟಿಲ ಮೇಲೆ ಗಂಜಿ ಇಟ್ಟು ಹೋಗುತ್ತಿದ್ದಳು. ಚಿಕ್ಕಮ್ಮ ಬೆರಳಿಗೆ ಸಿಕ್ಕಿಸಿಕೊಳ್ಳುವ ಆಕ್ಸಿಮೀಟರ್ ನೋಡಿ ಹೇಳುತ್ತಿದ್ದದ್ದು ಸಂಖ್ಯೆಗಳನ್ನು ಮಾತ್ರ. ಬೆಳಿಗ್ಗೆ ತೊಂಬತ್ತೈದು, ಈಗ ತೊಂಬತ್ತನಾಲ್ಕು. ನಿದ್ದೆ ಬಂತೇ ಎಂದರೆ, ‘ಬಂತು’. ಊಟ ಮಾಡಿದಿರಾ ಎಂದರೆ, ‘ಮಾಡಿದೆ’. ಅದರಾಚೆ ಮಾತಿಲ್ಲ. ಅವರಿಗೆ ಓದುವ ಹವ್ಯಾಸವಿತ್ತು. ಮಾಸಪತ್ರಿಕೆಗಳ ಕಥೆಗಳನ್ನು ಕತ್ತರಿಸಿ ಹೊಲಿದು ಇಟ್ಟುಕೊಂಡವರು. ಒಂದು ದಿನ ಒಂದು ಕಥೆ ಓದಿ ಹೇಳಲೇ ಎಂದು ಕೇಳಿದೆ. ‘ಆಮೇಲೆ ಓದಿದರಾಯಿತು, ಈಗ ಬೇಡ’ ಎಂದರು. ಆದರೂ ನಾಲ್ಕು ಸಾಲು ಓದಿದೆ. ಆ ಕಡೆಯ ಮೌನ ಎಷ್ಟು ದಟ್ಟವಾಗಿತ್ತೆಂದರೆ ಕರೆ ಕಡಿದುಹೋಗಿದೆ ಎಂದೇ ತಿಳಿದು ಹಲೋ ಹಲೋ ಎನ್ನಬೇಕಾಯಿತು.

ಅರಬ್ಬೀ ಸಮುದ್ರದ ಚಂಡಮಾರುತದಿಂದ ನಮ್ಮ ಕಡೆಗೂ ಮಳೆ ಬಂದ ದಿನಗಳವು. ಅಂತಹ ಒಂದು ಸಂಜೆ, ಹೇಳಲು ಕೇಳಲು ಏನೂ ಉಳಿಯದೆ, ಅಪ್ಪನ ಪುಸ್ತಕಗಳ ನಡುವೆ ಇದ್ದ ಲಕ್ಷ್ಮೀಶನ ಜೈಮಿನಿ ಭಾರತವನ್ನು ಕೈಗೆ ತೆಗೆದುಕೊಂಡೆ. ಚಿಕ್ಕಮ್ಮನ ತವರಿನಲ್ಲಿ ಮಳೆಗಾಲದ ರಾತ್ರಿಗಳಲ್ಲಿ ಅವರ ಅಪ್ಪ ಜೈಮಿನಿ ಓದುತ್ತಿದ್ದರೆಂದು ನಾನು ಚಿಕ್ಕವಳಿದ್ದಾಗ ಅವರೇ ಹೇಳಿದ್ದರು. ಜಗುಲಿಯಲ್ಲಿ ಕಂಬಳಿ ಹೊದ್ದು ಕೂತ ಆಳುಗಳು, ಅಡಿಕೆ ಸುಲಿಯುವ ಹೆಂಗಸರು, ನಿದ್ದೆ ತೂಗುವ ಮಕ್ಕಳು, ಎಲ್ಲರ ನಡುವೆ ಲಾಟೀನು. ಕಾವ್ಯವನ್ನು ರಾಗವಾಗಿ ಓದುವ ಗಮಕ ನನಗೆ ಬರುವುದಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಪದ್ಯ ಹೇಳಿಕೊಡುವಾಗ ಹಾಕುವಷ್ಟು ರಾಗ ಹಾಕಿ ಚಂದ್ರಹಾಸನ ಕಥೆಯನ್ನು ಶುರುಮಾಡಿದೆ. ಎರಡನೆಯ ಪದ್ಯದಲ್ಲೋ ಮೂರನೆಯದರಲ್ಲೋ ಒಂದು ಉದ್ದನೆಯ ಸಮಾಸದ ನಡುವೆ ಉಸಿರು ತೆಗೆದುಕೊಂಡೆ. ಆ ಕಡೆಯಿಂದ ದನಿ ಬಂತು: ‘ಅಲ್ಲಿ ಒಡೆಯಬೇಡ ಮಾರಾಯ್ತಿ. ಮುಂದಿನ ಪದದ ಜೊತೆ ಸೇರಿಸಿ ಓದು.’

ಅಷ್ಟು ದಿನಗಳಲ್ಲಿ ಅವರು ತಾವಾಗಿಯೇ ಆಡಿದ ಮೊದಲ ಮಾತು ಅದು. ಅದರಲ್ಲಿ ಸಂಖ್ಯೆ ಇರಲಿಲ್ಲ, ಜ್ವರ ಇರಲಿಲ್ಲ. ಸೇರಿಸಿ ಓದಿದೆ. ‘ಹಾಂ’ ಎಂದರು. ಮುಂದೆ ಇನ್ನೊಂದು ಕಡೆ ತಿದ್ದಿದರು, ಮತ್ತೊಂದು ಕಡೆ ತಾವೇ ಮುಂದಿನ ಅರ್ಧ ಸಾಲು ಹೇಳಿದರು. ಓದು ಬಾರದ ವಯಸ್ಸಿನಲ್ಲಿ ಕಿವಿಗೆ ಬಿದ್ದದ್ದು ಎಪ್ಪತ್ತರ ಹತ್ತಿರ ಬಂದರೂ ಅವರ ನಾಲಗೆಯಲ್ಲಿ ಹಾಗೆಯೇ ಇತ್ತು. ಆ ಗಳಿಗೆಯಲ್ಲಿ ಅವರು ಕೋಣೆಯಲ್ಲಿ ಕೂಡಿಟ್ಟ ರೋಗಿಯಾಗಿರಲಿಲ್ಲ. ನನಗಿಂತ ಹೆಚ್ಚು ಬಲ್ಲವರಾಗಿದ್ದರು, ನನಗೆ ಕಲಿಸುತ್ತಿದ್ದರು. ಮರುದಿನ ನಾನು ಫೋನ್ ಮಾಡುವ ಮೊದಲೇ ಅವರದೇ ಕರೆ ಬಂತು. ಕಾಡಿನಲ್ಲಿ ಕಟುಕರು ಹುಡುಗ ಚಂದ್ರಹಾಸನನ್ನು ಕೊಲ್ಲಲಾರದೆ ಆರನೆಯ ಬೆರಳನ್ನು ಕತ್ತರಿಸಿಕೊಂಡು ಹೋಗುವಲ್ಲಿಗೆ ಹಿಂದಿನ ದಿನ ನಿಲ್ಲಿಸಿದ್ದೆವು. ಮುಂದೇನೆಂದು ಅವರಿಗೆ ಗೊತ್ತೇ ಇತ್ತು. ಗೊತ್ತಿದ್ದ ಕಥೆಯ ಮುಂದಿನ ಭಾಗಕ್ಕಾಗಿ ಅವರು ಕಾದಿದ್ದರು. ನಾಳೆ ಎಂಬುದು ಬರೀ ಇನ್ನೊಂದು ಆಕ್ಸಿಮೀಟರ್ ಸಂಖ್ಯೆಯಾಗಿದ್ದ ಮನೆಯಲ್ಲಿ ಕಾಯುವುದಕ್ಕೆ ಏನೋ ಒಂದು ಹುಟ್ಟಿತ್ತು.

ಚಂದ್ರಹಾಸ ಮುಗಿದ ಮೇಲೆ ಅವರು ಕೇಳಿದ್ದು ಸೀತೆಯನ್ನು ಕಾಡಿಗೆ ಬಿಡುವ ಪ್ರಸಂಗ. ನನಗೆ ಅಳುಕಾಯಿತು. ಗಂಡನನ್ನು ಕಳೆದುಕೊಂಡವರ ಮುಂದೆ ಅದನ್ನು ಓದುವುದೇ? ಬಭ್ರುವಾಹನ ಓದೋಣ ಎಂದೆ. ಅವರು ಒಪ್ಪಲಿಲ್ಲ. ಓದಿದೆ. ಋಷಿಗಳ ಆಶ್ರಮಗಳನ್ನು ನೋಡುವ ಆಸೆಯಿಂದ ಸಂಭ್ರಮದಲ್ಲಿ ರಥ ಏರಿದ ಸೀತೆಗೆ ಗಂಗೆಯಾಚೆಯ ಕಾಡಿನಲ್ಲಿ ಲಕ್ಷ್ಮಣ ನಿಜ ಹೇಳುತ್ತಾನೆ, ಅವಳನ್ನು ಬಿಟ್ಟು ಹೋಗುತ್ತಾನೆ, ಕಾಡಿನ ಮೃಗಪಕ್ಷಿಗಳೆಲ್ಲ ಅವಳ ದುಃಖಕ್ಕೆ ಮರುಗುತ್ತವೆ. ಚಿಕ್ಕಮ್ಮ ಈಗಲಾದರೂ ಅತ್ತಾರು ಎಂದುಕೊಂಡಿದ್ದೆ. ಅವರು ಅಳಲಿಲ್ಲ, ಸಿಟ್ಟಾದರು. ರಾಮನ ಮೇಲೆ ಸಿಟ್ಟಾದರು. ‘ಕಾಡಿಗೆ ಕಳಿಸುವವನು ಎದುರಿಗೆ ಬಂದು ಒಂದು ಮಾತು ಹೇಳಬಾರದಿತ್ತೇ? ತಮ್ಮನ ಕೈಯಲ್ಲಿ ಕಳಿಸುವುದೆಂದರೇನು? ಇಷ್ಟು ವರ್ಷ ಜೊತೆಗಿದ್ದವಳಿಗೆ ಒಂದು ಮಾತಿಲ್ಲವೇ?’ ದನಿ ಏರುತ್ತಾ ಹೋಯಿತು. ಕೆಳಗಿದ್ದ ಸೊಸೆ ಗಾಬರಿಯಾಗಿ ಮೆಟ್ಟಿಲವರೆಗೆ ಬಂದಳಂತೆ. ಆಮೇಲೆ ಲಕ್ಷ್ಮಣನ ಬಗ್ಗೆ, ‘ಪಾಪ, ಅವನಾದರೂ ಏನು ಮಾಡಿಯಾನು’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯುವಾಗ ಚಿಕ್ಕಪ್ಪ ತಿರುಗಿ ಮೇಲೆ ನೋಡಲಿಲ್ಲ ಎಂದು ಮೊದಲ ಬಾರಿಗೆ ನನ್ನ ಬಳಿ ಹೇಳಿದರು. ದಣಪೆ ದಾಟಿದರೂ ನೋಡಲಿಲ್ಲ. ಉಸಿರಾಡುವುದೇ ಕಷ್ಟವಾಗಿದ್ದವರು ಹೇಗೆ ನೋಡಿಯಾರು ಎಂದು ತಾವೇ ಸಮಾಧಾನವನ್ನೂ ಹೇಳಿಕೊಂಡರು. ಆಗ ಅತ್ತರು. ಫೋನ್ ಕಿವಿಗಿಟ್ಟುಕೊಂಡು ನಾನು ಸುಮ್ಮನಿದ್ದೆ.

ನಿಜದ ಸುಖದುಃಖಗಳ ಅಡ್ಡಿ

ಎಂ.ಎ. ಓದುವಾಗ ಕಾವ್ಯಮೀಮಾಂಸೆಯ ಪತ್ರಿಕೆಗೆಂದು ಬಾಯಿಪಾಠ ಮಾಡಿದ್ದ ಒಂದು ವಿಷಯ ಇದಾದ ಮೇಲೆ ನನಗೆ ಬೇರೆಯೇ ಬೆಳಕಿನಲ್ಲಿ ಕಂಡಿತು. ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿದ್ದ ಅಭಿನವಗುಪ್ತ, ಭರತನ ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಹೇಳುತ್ತಾನೆ. ಅವುಗಳಲ್ಲಿ ಒಂದರ ಹೆಸರು ‘ನಿಜಸುಖಾದಿವಿವಶೀಭಾವ’. ಪ್ರೇಕ್ಷಕ ತನ್ನ ಸ್ವಂತದ ಸುಖದುಃಖಗಳ ವಶದಲ್ಲಿರುವುದು. ಮನೆಯ ಚಿಂತೆ ಹೊತ್ತು ಬಂದವನ ಕಣ್ಣಿಗೆ ರಂಗದ ಮೇಲಿನ ರಾಜ ಕಾಣುತ್ತಾನೆ, ಆದರೆ ಅವನ ಪಾಡು ಎದೆಗೆ ಇಳಿಯುವುದಿಲ್ಲ. ಪರೀಕ್ಷೆಯಲ್ಲಿ ಅಂಕಕ್ಕಾಗಿ ಬರೆದು ಮರೆತಿದ್ದ ಈ ಪದ 2020ರ ನಮ್ಮೆಲ್ಲರ ಸ್ಥಿತಿಯನ್ನು ಅಚ್ಚುಕಟ್ಟಾಗಿ ಹೇಳಿಬಿಟ್ಟಿತ್ತು. ನಮಗೆ ಓದುವ ಆಸಕ್ತಿ ಬತ್ತಿರಲಿಲ್ಲ, ಬುದ್ಧಿ ಮಂಕಾಗಿರಲಿಲ್ಲ. ನಾವು ನಮ್ಮ ಭಯದ ವಶದಲ್ಲಿದ್ದೆವು.

ಇನ್ನೂ ಮುಖ್ಯವಾದದ್ದು ಆತ ಹೇಳುವ ಪರಿಹಾರ. ಈ ವಿಘ್ನವನ್ನು ಕಳೆಯಲೆಂದೇ ನಾಟ್ಯದಲ್ಲಿ ಗೀತ, ವಾದ್ಯ, ರಂಗಮಂಟಪದ ಅಲಂಕಾರ ಇವೆಲ್ಲ ಇವೆ ಎನ್ನುತ್ತಾನೆ. ಮನಸ್ಸನ್ನು ಗದರಿಸಿ, ನಿನ್ನ ದುಃಖ ಬದಿಗಿಟ್ಟು ಇಲ್ಲಿ ನೋಡು ಎಂದರೆ ಅದು ಕೇಳುವುದಿಲ್ಲ. ಕಿವಿಯನ್ನು ಹಿಡಿದು, ಲಯಕ್ಕೆ ಕೂರಿಸಿ, ನಿಧಾನವಾಗಿ ಅದರ ಹಿಡಿತ ಸಡಿಲಿಸಬೇಕು. ನಾನು ಓದಿದ ಸಣ್ಣಕಥೆ ಚಿಕ್ಕಮ್ಮನನ್ನು ಏಕೆ ಮುಟ್ಟಲಿಲ್ಲ, ಜೈಮಿನಿ ಏಕೆ ಮುಟ್ಟಿತು ಎಂಬುದಕ್ಕೆ ಇದಕ್ಕಿಂತ ಸರಿಯಾದ ವಿವರಣೆ ನನಗೆ ಇನ್ನೂ ಸಿಕ್ಕಿಲ್ಲ. ಜೈಮಿನಿಯ ಛಂದಸ್ಸಾದ ವಾರ್ಧಕ ಷಟ್ಪದಿಯ ಐದೈದು ಮಾತ್ರೆಯ ನಡಿಗೆಗೆ ಒಂದು ಎಳೆತವಿದೆ. ಮೊದಲೆರಡು ಸಾಲು ನಾಲ್ಕು ನಾಲ್ಕು ಗಣಗಳಲ್ಲಿ ಓಡಿ, ಮೂರನೆಯದು ಆರು ಗಣಗಳಷ್ಟು ಉದ್ದಕ್ಕೆ ಹೋಗಿ ಒಂದು ಗುರುವಿನಲ್ಲಿ ನಿಲ್ಲುತ್ತದೆ. ಕೇಳುವವರ ಉಸಿರು ಅರಿವಿಲ್ಲದೆಯೇ ಅದರ ಜೊತೆ ಹೋಗುತ್ತದೆ. ಅರ್ಥವಾಗುವ ಮೊದಲೇ ಕಿವಿ ಒಪ್ಪಿಕೊಂಡಿರುತ್ತದೆ. ಅರ್ಥ ಆಮೇಲೆ ಬರುತ್ತದೆ, ಅಷ್ಟರಲ್ಲಿ ಕಾವಲು ಸ್ವಲ್ಪ ಸಡಿಲವಾಗಿರುತ್ತದೆ.

ನಮ್ಮ ಹಿಂದಿನವರು ಇದನ್ನು ಶಾಸ್ತ್ರ ಓದಿ ಕಲಿತವರಲ್ಲ. ಮಲೆನಾಡಿನ ಮಳೆಗಾಲವೆಂದರೆ ತಿಂಗಳುಗಟ್ಟಲೆ ಹೊರಗೆ ಹೋಗಲಾಗದ ಕಾಲ, ಹೊಳೆ ಏರಿ ದಾರಿ ಕಡಿಯುವ ಕಾಲ, ಹಿಂದೆಲ್ಲ ಚಳಿಜ್ವರದಲ್ಲಿ ಮನೆಮಂದಿಯೆಲ್ಲ ಮಲಗುತ್ತಿದ್ದ ಕಾಲ. ಪ್ಲೇಗು ಬಂದರೆ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಅಂತಹ ಕಡೆ ಭಾರತ ಓದುವುದು, ಜೈಮಿನಿ ಓದುವುದು ಬೆಳೆದು ನಿಂತಿತು. ಒಬ್ಬರು ಓದುವುದು, ಹತ್ತು ಜನ ಕೇಳುವುದು. ಓದಲು ಬಾರದವರಿಗೂ ಅಲ್ಲಿ ಜಾಗವಿತ್ತು. ಶಿವಮೊಗ್ಗದ ಪಕ್ಕದಲ್ಲೇ, ತುಂಗೆಯ ಎರಡು ದಡಗಳಲ್ಲಿರುವ ಮತ್ತೂರು ಮತ್ತು ಹೊಸಹಳ್ಳಿ ಗ್ರಾಮಗಳಲ್ಲಿ ಗಮಕ ಇಂದಿಗೂ ಜೀವಂತವಾಗಿದೆ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಇಡೀ ಜಿಲ್ಲೆ ಸಂಭ್ರಮಿಸಿತು. ಆ ವರ್ಷದ ಕೊನೆಗೆ ಅವರು ತೀರಿಕೊಂಡರು. ಗಮಕದಲ್ಲಿ ಒಬ್ಬರು ವಾಚನ ಮಾಡಿದರೆ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ವಾಚನ ಕಿವಿಯನ್ನು ಹಿಡಿಯುತ್ತದೆ, ವ್ಯಾಖ್ಯಾನ ಕಥೆಯನ್ನು ಇವತ್ತಿನ ಬದುಕಿಗೆ ತಂದು ನಿಲ್ಲಿಸುತ್ತದೆ. ಇವೆರಡೂ ಸೇರಿದಾಗ ಆಗುವುದನ್ನು ಮನಸ್ಸಿನ ಚಿಕಿತ್ಸೆ ಎಂದು ಯಾರೂ ಕರೆಯಲಿಲ್ಲ, ಹರಕೆ ಎಂದೋ ಪುಣ್ಯವೆಂದೋ ಕರೆದರು. ಆದರೆ ಕೇಳಿ ಎದ್ದವರ ಮುಖ ನೋಡಿದವರಿಗೆ ಅದೇನೆಂದು ಗೊತ್ತು.

ಇನ್ನು ದುಃಖದ ಕಥೆ ದುಃಖಿತರಿಗೆ ಏಕೆ ಬೇಕು? ನಾನು ಬಭ್ರುವಾಹನನ ಕಡೆಗೆ ತಿರುಗಿಸಲು ನೋಡಿದ್ದು ಈ ಪ್ರಶ್ನೆಯಿಂದಲೇ. ಅಭಿನವಗುಪ್ತನಿಗಿಂತ ಹಿಂದಿನ ಮೀಮಾಂಸಕ ಭಟ್ಟನಾಯಕ ಹೇಳಿದ, ಅಭಿನವಗುಪ್ತ ಬೆಳೆಸಿದ ಸಾಧಾರಣೀಕರಣದ ಮಾತು ಇಲ್ಲಿ ನೆರವಿಗೆ ಬರುತ್ತದೆ. ಕಾವ್ಯದಲ್ಲಿ ಬರುವ ಶೋಕ ನನ್ನದೂ ಅಲ್ಲ, ಶತ್ರುವಿನದೂ ಅಲ್ಲ, ಎದುರು ಮನೆಯವರದೂ ಅಲ್ಲ. ಯಾರದೂ ಅಲ್ಲದ್ದರಿಂದ ಎಲ್ಲರದೂ ಆಗಬಲ್ಲದು. ಚಿಕ್ಕಮ್ಮನಿಗೆ ಗಂಡನ ಮೇಲೆ ಸಿಟ್ಟು ಮಾಡುವ ಹಕ್ಕಿರಲಿಲ್ಲ. ಉಸಿರಿಲ್ಲದೆ ಹೋದವರ ಮೇಲೆ ಯಾರಾದರೂ ಸಿಟ್ಟಾಗುತ್ತಾರೆಯೇ? ಹಾಗೆ ಸಿಟ್ಟು ಬಂದಿದೆ ಎಂದು ಒಪ್ಪಿಕೊಳ್ಳುವುದೇ ಪಾಪವೆಂದು ಅವರು ಅದನ್ನು ಒತ್ತಿಟ್ಟಿದ್ದರು. ರಾಮನ ಮೇಲೆ ಸಿಟ್ಟಾಗಲು ಅಡ್ಡಿಯಿಲ್ಲ. ಸಾವಿರಾರು ವರ್ಷಗಳಿಂದ ಹೆಂಗಸರು ಅವನ ಮೇಲೆ ಸಿಟ್ಟಾಗುತ್ತಲೇ ಬಂದಿದ್ದಾರೆ, ಅವನು ತಾಳಿಕೊಂಡಿದ್ದಾನೆ. ಆ ಸಿಟ್ಟು ಮೊದಲು ರಾಮನ ಹೆಸರಿನಲ್ಲಿ ಹೊರಬಂತು, ಆಮೇಲೆ ಚಿಕ್ಕಪ್ಪನ ಹೆಸರಿನಲ್ಲಿ. ಕೊನೆಗೆ ಅವರಿಗೆ ಅಳಲು ದಾರಿಯಾಯಿತು. ಅರಿಸ್ಟಾಟಲ್ ದುರಂತ ನಾಟಕದ ಬಗ್ಗೆ ಹೇಳುವಾಗ ಕರುಣೆ ಮತ್ತು ಭಯಗಳ ಶೋಧನೆ ಎಂದದ್ದನ್ನೂ ಪಾಠ ಮಾಡಿದ್ದೇನೆ. ಆದರೆ ಉಪ್ಪರಿಗೆಯಲ್ಲಿ ನಡೆದದ್ದಕ್ಕೆ ಕಾಶ್ಮೀರದವರ ಮಾತೇ ನನಗೆ ಹೆಚ್ಚು ಹತ್ತಿರವೆನಿಸುತ್ತದೆ, ಏಕೆಂದರೆ ಅವರು ದುಃಖ ಹೊರಹೋಗುವುದರ ಜೊತೆಗೆ, ಅದು ಹೊರಹೋಗಲು ಬಿಡದ ಅಡ್ಡಿ ಯಾವುದೆಂಬುದನ್ನೂ ಹುಡುಕಿದರು.

ರೋಗದ ಕಥೆಯನ್ನು ಯಾವಾಗ ಓದಬೇಕು

2020ರಲ್ಲಿ ಪಿಡುಗಿನ ಕಾದಂಬರಿಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಜಗತ್ತಿನಾದ್ಯಂತ ಫ್ರೆಂಚ್ ಲೇಖಕ ಕಮೂ ಬರೆದ ಪ್ಲೇಗಿನ ಕಾದಂಬರಿಯನ್ನು ಜನ ಹುಡುಕಿ ಕೊಂಡರು. ನಮ್ಮಲ್ಲಿ ಎಲ್ಲರ ಬಾಯಲ್ಲೂ ‘ಸಂಸ್ಕಾರ’ ಬಂತು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರು 1965ರಲ್ಲಿ ಪ್ರಕಟಿಸಿದ ಈ ಕಾದಂಬರಿ ನಮಗೆ ಎಷ್ಟು ಹತ್ತಿರದ್ದೆಂದರೆ, ಅದರಲ್ಲಿ ಬ್ರಾಹ್ಮಣ್ಯ ತೊರೆದು ಬದುಕಿದ ನಾರಣಪ್ಪನ ಜ್ವರ ಬಂದದ್ದೇ ಶಿವಮೊಗ್ಗದಿಂದ. ಅಲ್ಲಿಗೆ ಹೋಗಿ ಬಂದವನು ಜ್ವರದಲ್ಲಿ ಮಲಗಿ ಸತ್ತ. ಸತ್ತವನ ಸಂಸ್ಕಾರ ಯಾರು ಮಾಡಬೇಕೆಂದು ಅಗ್ರಹಾರ ತರ್ಕ ಮಾಡುತ್ತಾ ಕೂತಿತು. ಹೆಣ ಎತ್ತುವವರೆಗೆ ಊರಿನಲ್ಲಿ ಊಟವಿಲ್ಲ. ಇಲಿಗಳು ಬಿದ್ದು ಸಾಯುತ್ತಿವೆ, ಆಕಾಶದಲ್ಲಿ ಹದ್ದುಗಳು ಸುತ್ತುತ್ತಿವೆ. ಆದರೆ ಇದು ಪ್ಲೇಗು ಎಂದು ಗುರುತಿಸುವವರಿಲ್ಲ, ಎಲ್ಲರ ಕಣ್ಣೂ ಧರ್ಮಶಾಸ್ತ್ರದ ಪ್ರಶ್ನೆಯ ಮೇಲೆ. ಕೊನೆಗೆ ನಾರಣಪ್ಪನ ಜೊತೆಗಿದ್ದ ಚಂದ್ರಿ, ಮೀನಿನ ವ್ಯಾಪಾರಿ ಅಹ್ಮದ್ ಬ್ಯಾರಿಯ ಸಹಾಯದಿಂದ ರಾತ್ರಿ ಹೆಣವನ್ನು ಸಾಗಿಸಿ ಸುಟ್ಟುಬಿಡುತ್ತಾಳೆ. ಬ್ರಾಹ್ಮಣರಿಗೆ ಅದು ಗೊತ್ತೇ ಆಗುವುದಿಲ್ಲ.

ಈ ಕಾದಂಬರಿಯನ್ನು ನಾನು ಚಿಕ್ಕಮ್ಮನಿಗೆ ಆಗ ಓದಲಿಲ್ಲ, ಯಾರಿಗೂ ಆಗ ಓದಿರೆಂದು ಹೇಳುತ್ತಿರಲಿಲ್ಲ. ಎರಡು ವರ್ಷ ಕಳೆದ ಮೇಲೆ ನಾವು ಕೆಲವರು ಶಿವಮೊಗ್ಗದಲ್ಲಿ ಒಬ್ಬರ ಮನೆಯಲ್ಲಿ ಭಾನುವಾರಗಳಂದು ಸೇರಿ ಅದನ್ನು ಗಟ್ಟಿಯಾಗಿ ಓದಿದೆವು. ಹೆಚ್ಚಿನವರು ಶಿಕ್ಷಕಿಯರು. ಒಬ್ಬರು ಕೊರೊನಾ ವಾರ್ಡಿನಲ್ಲಿ ಕೆಲಸ ಮಾಡಿದ್ದ ನರ್ಸ್. ಹೆಣದ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅಗ್ರಹಾರದವರು ವಾದಿಸುವ ಭಾಗ ಬಂದಾಗ ಓದುವ ಸರದಿ ಆ ನರ್ಸ್ ಅವರದಾಗಿತ್ತು. ಅರ್ಧ ಪುಟ ಓದಿ ಪುಸ್ತಕವನ್ನು ಮಡಿಲಲ್ಲಿ ಮಗುಚಿ ಇಟ್ಟರು. ‘ನಮ್ಮ ವಾರ್ಡಿನ ಹೊರಗೂ ಹೀಗೆಯೇ ಮಾತಾಡುತ್ತಿದ್ದರು’ ಎಂದರು. ಯಾರು ಸಹಿ ಹಾಕಬೇಕು, ಯಾರು ಮುಟ್ಟಬೇಕು, ಯಾವ ಊರಿಗೆ ಒಯ್ಯಬೇಕು, ಊರಿನವರು ಬಿಡುತ್ತಾರೋ ಇಲ್ಲವೋ. ಒಳಗೆ ದೇಹ ಇರುವಾಗಲೇ, ಕೇಳಿಸುವ ದೂರದಲ್ಲೇ. ಆಗ ಅವರಿಗೆ ಸಿಟ್ಟೂ ಬರಲಿಲ್ಲವಂತೆ, ಮುಂದಿನ ಹಾಸಿಗೆಯ ಕೆಲಸ ಕಾದಿರುತ್ತಿತ್ತು. ಆ ಭಾನುವಾರ ನಾವು ಮುಂದೆ ಓದಲಿಲ್ಲ. ಅವರು ಮಾತನಾಡಿದರು, ನಾವು ಕೇಳಿದೆವು. ಎರಡನೆಯ ಅಲೆಯಲ್ಲಿ ರಾಜ್ಯದ ಹಲವು ಊರುಗಳಲ್ಲಿ ಬಂಧುಗಳೇ ಹತ್ತಿರ ಬರದ ಹೆಣಗಳಿಗೆ ಮುಸ್ಲಿಂ ಯುವಕರು ಹೆಗಲು ಕೊಟ್ಟು ಹಿಂದೂ ವಿಧಿಯಂತೆ ಸಂಸ್ಕಾರ ಮಾಡಿದ್ದನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿದ್ದೆವು. ಮುಂದಿನ ವಾರ ಅಹ್ಮದ್ ಬ್ಯಾರಿಯ ಗಾಡಿ ಬಂದಾಗ ಕೋಣೆಯಲ್ಲಿ ಯಾರಿಗೂ ವಿವರಣೆ ಬೇಕಾಗಲಿಲ್ಲ. ಪ್ರೌಢಶಾಲೆಯ ದಿನಗಳಿಂದ ಎಷ್ಟೋ ಬಾರಿ ಓದಿದ್ದ, ಜಾತಿಯ ಬಗ್ಗೆ ಪ್ರಬಂಧ ಬರೆದಿದ್ದ ಕಾದಂಬರಿ ಒಂದು ಪಿಡುಗಿನ ಕಾದಂಬರಿಯೂ ಹೌದೆಂದು ನನಗೆ ಆ ಎರಡು ಭಾನುವಾರಗಳಲ್ಲಿ ಸರಿಯಾಗಿ ತಿಳಿಯಿತು.

ಹಾಗಾಗಿ ಪಿಡುಗಿನ ನಡುವೆ ಇರುವವರಿಗೆ ಪಿಡುಗಿನ ಕಥೆ ಕೊಡುವುದರಲ್ಲಿ ನನಗೆ ನಂಬಿಕೆಯಿಲ್ಲ. ದಾಟಿ ಬಂದವರಿಗೆ ಅದು ಬೇಕು. ಹದಿನಾಲ್ಕನೆಯ ಶತಮಾನದ ಇಟಲಿಯ ಲೇಖಕ ಬೊಕ್ಕಾಚಿಯೊ ಇದನ್ನು ಬಲ್ಲವನಾಗಿದ್ದ. ಅವನ ‘ಡೆಕಮೆರಾನ್’ ಕಥಾಗ್ರಂಥದಲ್ಲಿ, 1348ರಲ್ಲಿ ಫ್ಲಾರೆನ್ಸ್ ನಗರವನ್ನು ಪ್ಲೇಗು ಬಡಿದಾಗ ಏಳು ಯುವತಿಯರು, ಮೂವರು ಯುವಕರು ಊರ ಹೊರಗಿನ ಬಂಗಲೆಗಳಿಗೆ ಹೋಗಿ ಹತ್ತು ದಿನಗಳಲ್ಲಿ ನೂರು ಕಥೆ ಹೇಳುತ್ತಾರೆ. ಗ್ರಂಥದ ಮೊದಲಲ್ಲಿ ಅಣ್ಣ ತಮ್ಮನನ್ನು, ತಂದೆತಾಯಿ ಮಕ್ಕಳನ್ನೇ ಬಿಟ್ಟು ಹೋದ ಆ ಕಾಲದ ಘೋರವನ್ನು ಅವನು ಮುಚ್ಚಿಡದೆ ಬರೆಯುತ್ತಾನೆ. ಆದರೆ ಆ ಹತ್ತು ಮಂದಿ ಹೇಳುವ ಕಥೆಗಳಲ್ಲಿ ಪ್ಲೇಗಿನ ಸುದ್ದಿ ಬಹುತೇಕ ಇಲ್ಲ. ಪ್ರೀತಿ, ಜಾಣತನ, ಮೋಸ, ನಗು ಇವೇ ತುಂಬಿವೆ. ಭಯ, ದುಃಖಗಳಿಂದ ಮನಸ್ಸನ್ನು ದೂರವಿಡಬೇಕೆಂದು ಆ ಕಾಲದ ವೈದ್ಯರೂ ಬರೆದಿಟ್ಟಿದ್ದರು. ನನ್ನ ಗಮನಕ್ಕೆ ಬರುವುದು ಇನ್ನೊಂದು: ಹತ್ತು ಜನರೂ ಒಂದೊಂದು ಪುಸ್ತಕ ಹಿಡಿದು ಮೂಲೆ ಸೇರಲಿಲ್ಲ. ಸುತ್ತ ಕೂತು ಹೇಳಿದರು, ಕೇಳಿದರು, ಸಂಜೆ ಹಾಡಿದರು.

ವೈದ್ಯರ ಚೀಟಿಯಲ್ಲಿ ಪುಸ್ತಕ

ಸಾಹಿತ್ಯವನ್ನು ಔಷಧದಂತೆ ಕೊಡುವ ಯೋಚನೆಗೆ ಪಶ್ಚಿಮದಲ್ಲಿ ನೂರು ವರ್ಷ ದಾಟಿದೆ. 1916ರಲ್ಲಿ ಸ್ಯಾಮ್ಯುಯೆಲ್ ಕ್ರದರ್ಸ್ ಎಂಬ ಅಮೆರಿಕದ ಪಾದ್ರಿ ಒಂದು ಪತ್ರಿಕಾ ಲೇಖನದಲ್ಲಿ ಅದಕ್ಕೆ ಬಿಬ್ಲಿಯೋಥೆರಪಿ ಎಂಬ ಹೆಸರಿಟ್ಟರು. ಮೊದಲ ಮಹಾಯುದ್ಧದ ಸೈನಿಕರ ಆಸ್ಪತ್ರೆಗಳಲ್ಲಿ ಗ್ರಂಥಾಲಯಗಳು ಬಂದವು. 2013ರಿಂದ ಇಂಗ್ಲೆಂಡಿನಲ್ಲಿ ಆತಂಕ, ಖಿನ್ನತೆ ಇರುವವರಿಗೆ ವೈದ್ಯರು ಪುಸ್ತಕ ಸೂಚಿಸುವ, ಅದನ್ನು ಸಾರ್ವಜನಿಕ ಗ್ರಂಥಾಲಯದಿಂದ ಪಡೆಯುವ ಯೋಜನೆ ನಡೆಯುತ್ತಿದೆ. ಅದೇ ವರ್ಷ ಒಳ್ಳೆಯ ಕಥೆ ಓದಿದವರಿಗೆ ಇನ್ನೊಬ್ಬರ ಮನಸ್ಸು ಹೆಚ್ಚು ಚೆನ್ನಾಗಿ ತಿಳಿಯುತ್ತದೆ ಎಂಬ ಸಂಶೋಧನೆಯೊಂದು ಸೈನ್ಸ್ ಪತ್ರಿಕೆಯಲ್ಲಿ ಬಂದು ದೊಡ್ಡ ಸುದ್ದಿಯಾಯಿತು. ಆಮೇಲೆ ಬೇರೆಯವರು ಅದೇ ಪ್ರಯೋಗ ಮಾಡಿದಾಗ ಆ ಫಲಿತಾಂಶ ಸಿಗಲಿಲ್ಲ. ಆದ್ದರಿಂದ ಅಂತಹ ಸುದ್ದಿಗಳ ಮೇಲೆ ನಾನು ಭಾರ ಹಾಕುವುದಿಲ್ಲ. ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ್ದು ಲಿವರ್‌ಪೂಲ್‌ನಲ್ಲಿ ಜೇನ್ ಡೇವಿಸ್ ಎಂಬವರು ಕಟ್ಟಿದ ‘ದಿ ರೀಡರ್’ ಸಂಸ್ಥೆಯ ಕೆಲಸ. ಅವರ ಗುಂಪುಗಳಲ್ಲಿ ಯಾರೂ ಮನೆಯಿಂದ ಓದಿಕೊಂಡು ಬರಬೇಕಿಲ್ಲ. ಕಥೆಯನ್ನೋ ಕವಿತೆಯನ್ನೋ ಅಲ್ಲೇ ಗಟ್ಟಿಯಾಗಿ ಓದುತ್ತಾರೆ, ನಡುನಡುವೆ ನಿಲ್ಲಿಸಿ ಮಾತನಾಡುತ್ತಾರೆ, ಮಾತನಾಡಲು ಇಷ್ಟವಿಲ್ಲದವರು ಸುಮ್ಮನೆ ಕೂರಬಹುದು. ನಮ್ಮ ಜಗುಲಿಯಲ್ಲಿ ನಡೆಯುತ್ತಿದ್ದುದೂ ಇದೇ ಅಲ್ಲವೇ ಎಂದು ಓದಿದಾಗ ಮೈ ಜುಮ್ಮೆಂದಿತು.

ಒಂದು ಮಾತನ್ನು ಇಲ್ಲಿ ಖಡಾಖಂಡಿತವಾಗಿ ಹೇಳಬೇಕು. ನಿದ್ದೆ ಪೂರ್ತಿ ಬಿಟ್ಟವರಿಗೆ, ಬದುಕೇ ಬೇಡವೆನ್ನುವವರಿಗೆ, ಊಟ ಸೇರದೆ ಸೊರಗುತ್ತಿರುವವರಿಗೆ ಓದು ಚಿಕಿತ್ಸೆಯಲ್ಲ. ಅವರಿಗೆ ವೈದ್ಯರು ಬೇಕು, ಅಗತ್ಯವಿದ್ದರೆ ಮಾತ್ರೆ ಬೇಕು. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ ಇದೆ, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ. ಎರಡು ಪದ್ಯ ಕೇಳಿಸಿದರೆ ಸರಿಹೋಗುತ್ತದೆ ಎಂದು ಇಂತಹವರನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ಕ್ರೌರ್ಯ. ಚಿಕ್ಕಮ್ಮನ ವಿಷಯದಲ್ಲೂ ನಾನು ತೀರ್ಥಹಳ್ಳಿಯ ವೈದ್ಯರೊಬ್ಬರನ್ನು ಫೋನಿನಲ್ಲಿ ಕೇಳುತ್ತಲೇ ಇದ್ದೆ.

ಹಾಗೆಂದು ಓದನ್ನು ಸಣ್ಣದು ಮಾಡಲಾರೆ. ಮುಂದಿನ ಪಿಡುಗು ಬಂದಾಗ, ಅಥವಾ ಮುಂದಿನ ಜನವರಿಯಲ್ಲಿ ಯಾವುದೋ ಊರಿನಲ್ಲಿ ಮಂಗ ಸತ್ತ ಸುದ್ದಿ ಬಂದಾಗ, ಪುಸ್ತಕಗಳ ಪಟ್ಟಿ ಹಂಚುವ ಬದಲು ದನಿಗಳನ್ನು ಹಂಚುವ ಏರ್ಪಾಡು ನಮ್ಮಲ್ಲಿ ಆಗಬೇಕು. ಬಹುತೇಕ ಗ್ರಾಮ ಪಂಚಾಯಿತಿಗಳಲ್ಲಿ ಈಗ ಗ್ರಂಥಾಲಯವಿದೆ, ಮೇಲ್ವಿಚಾರಕರಿದ್ದಾರೆ. ಓದಿ ಹೇಳಬಲ್ಲ ಹತ್ತು ಜನರ ಹೆಸರು, ಫೋನ್ ಸಂಖ್ಯೆ ಅವರ ಬಳಿ ಇರುವಂತಾಗಲಿ. ನಿವೃತ್ತ ಶಿಕ್ಷಕರಿದ್ದಾರೆ, ಗಮಕ ಕಲಿತವರಿದ್ದಾರೆ, ತಾಳಮದ್ದಲೆಯ ಅರ್ಥಧಾರಿಗಳಿದ್ದಾರೆ. ಯಾರ ಮನೆಗೆ ಯಾವ ಕಥೆ ಎಂಬುದನ್ನು ಕೇಳುವವರೇ ಹೇಳಲಿ, ಅವರಿಗೆ ಗೊತ್ತಿರುವ ಕಥೆಯೇ ಆಗಲಿ. ಹೊಸತನ್ನು ಕಲಿಸುವ ಹೊತ್ತು ಅದಲ್ಲ.

ಇದನ್ನೆಲ್ಲ ಪ್ರಕಟಿಸುವ ಮೊದಲು ಚಿಕ್ಕಮ್ಮನಿಗೆ ಓದಿ ಹೇಳಿ ಒಪ್ಪಿಗೆ ಕೇಳಿದೆ. ಅವರು ಒಪ್ಪಿದರು, ಆದರೆ ನನ್ನ ವಿವರಣೆಯನ್ನು ಒಪ್ಪಲಿಲ್ಲ. ‘ಜೈಮಿನಿಯೂ ಅಲ್ಲ, ರಾಗವೂ ಅಲ್ಲ. ನೀನು ದಿನಾ ಫೋನ್ ಮಾಡಿದ್ದು ದೊಡ್ಡದು’ ಎಂದರು. ನಾನು ವಾದಿಸಿದೆ. ಫೋನನ್ನು ಮೊದಲಿನಿಂದಲೂ ಮಾಡುತ್ತಿದ್ದೆನಲ್ಲ, ಆಗ ನಾವಿಬ್ಬರೂ ಮಾತನಾಡಿದ್ದು ಏನು ಎಂದು ಕೇಳಿದೆ. ಅವರು ನೆನಪಿಸಿಕೊಂಡರು. ‘ತೊಂಬತ್ತನಾಲ್ಕು, ತೊಂಬತ್ತೈದು’ ಎಂದರು. ಹಾಗಾದರೆ ನನ್ನ ಮಾತಿಗೆ ಸಿಗದ್ದು ಲಕ್ಷ್ಮೀಶನ ಮಾತಿಗೆ ಸಿಕ್ಕಿತೋ ಇಲ್ಲವೋ ಎಂದೆ. ಅದಕ್ಕೆ ಅವರು, ‘ಲಕ್ಷ್ಮೀಶ ಒಬ್ಬನೇ ಬಂದಿದ್ದರೆ ನಾನು ಬಾಗಿಲು ತೆಗೆಯುತ್ತಿರಲಿಲ್ಲ’ ಎಂದರು. ನಾವಿಬ್ಬರೂ ಇದನ್ನು ಇನ್ನೂ ಇತ್ಯರ್ಥ ಮಾಡಿಕೊಂಡಿಲ್ಲ. ಈಗ ಅವರೇ ಮೊಮ್ಮಗಳಿಗೆ ರಾತ್ರಿ ಊಟವಾದ ಮೇಲೆ ಚಂದ್ರಹಾಸನ ಕಥೆ ಓದುತ್ತಿದ್ದಾರೆ. ಅವಳು ಆರನೆಯ ತರಗತಿ. ವಿಷವನ್ನು ಕೊಡು ಎಂದು ಬರೆದ ಓಲೆಯನ್ನು ಮಂತ್ರಿಯ ಮಗಳು ವಿಷಯೆ ತನ್ನ ಹೆಸರಿಗೆ ತಿದ್ದುವ ಭಾಗ ಯಾವಾಗ ಬರುತ್ತದೆ ಎಂದು ದಿನವೂ ಪೀಡಿಸುತ್ತಾಳಂತೆ.